ಎಲ್ಲ ಆರಿಸಿದ ಮೇಲೂ

ಸದಲಗಾದ ನನ್ನ ಅಕ್ಕನ ಮನೆಯಲ್ಲಿ ಎಮ್ಮೆಗಳು ನೀರು ಕುಡಿಯುವುದನ್ನು ಬಿಟ್ಟವು. ಬಾಯಾರಿ ತೊಟ್ಟಿಯವರೆಗೆ ಬರುತ್ತಿದ್ದವು, ಮೂತಿ ನೀರಿಗೆ ತಾಗಿದ ಕೂಡಲೇ ತಲೆ ಕೊಡವಿ ಹಿಂದೆ ಸರಿಯುತ್ತಿದ್ದವು. ಹಾಲು ಇಳಿದಿತ್ತು. ದನದ ಡಾಕ್ಟರು ಬಾಯಿ, ನಾಲಿಗೆ ನೋಡಿ ಏನೂ ಇಲ್ಲ ಎಂದಿದ್ದರು. ಅದರ ಮೇಲೆ ಒಂದು ಬೆಳಿಗ್ಗೆ ಕರುವೊಂದು ತೊಟ್ಟಿಯ ಬುಡದಲ್ಲಿ ಸತ್ತು ಬಿದ್ದಿತ್ತು. ಹಾವು ಮುಟ್ಟಿರಬೇಕೆಂದು ಹೂಳಿದರು. ಅಕ್ಕನ ಅತ್ತೆ ಯಾರದೋ ಕಣ್ಣು ಬಿದ್ದಿದೆಯೆಂದು ದೃಷ್ಟಿ ತೆಗೆದರು.

ನಾನು ಚಿಕ್ಕೋಡಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ರಜೆಯಲ್ಲಿ ಅಕ್ಕನನ್ನು ನೋಡಲು ಹೋದಾಗ ಮಳೆ ಹಿಡಿದು ಕೂತಿತ್ತು. ಚಹಾ ಕುಡಿಯುತ್ತಿದ್ದೆವು. ಅತ್ತೆ ಪಾದ ನೀವಿಕೊಳ್ಳುತ್ತ, "ಆ ತೊಟ್ಟಿ ಕಡೆ ಹ್ವಾದ್ರ ಕಾಲು ಜುಂ ಅಂತಾವ. ವಯಸ್ಸಾತು ನೋಡವಾ," ಎಂದರು.

ಮನೆಯಲ್ಲಿ ಬರಿಗಾಲಲ್ಲಿ ಓಡಾಡುವವರು ಅವರೊಬ್ಬರೇ. ಉಳಿದವರು ಕೊಟ್ಟಿಗೆಗೆ ರಬ್ಬರ್ ಚಪ್ಪಲಿ ಹಾಕಿಕೊಂಡೇ ಹೋಗುತ್ತಿದ್ದರು. ನಾನು ಚಹಾದ ಲೋಟ ಕೆಳಗಿಟ್ಟೆ. ಯಾರೂ ತೊಟ್ಟಿಯ ಹತ್ತಿರ ಹೋಗಬೇಡಿ ಎಂದು ಹೇಳಿ, ಪೇಟೆಯ ವೈರಿಂಗ್ ಅಂಗಡಿಯಿಂದ ಕ್ಲ್ಯಾಂಪ್ ಮೀಟರ್ ಕೇಳಿ ತಂದೆ. ತಂತಿಯ ಸುತ್ತ ಅದರ ಬಾಯಿ ಮುಚ್ಚಿದರೆ ಒಳಗೆ ಹರಿಯುವ ಕರೆಂಟು ಎಷ್ಟೆಂದು ತೋರಿಸುತ್ತದೆ.

ಫ್ರಿಜ್, ಫ್ಯಾನು, ದೀಪ, ಕೊಟ್ಟಿಗೆಯ ಮೇವು ಕತ್ತರಿಸುವ ಯಂತ್ರ, ಒಂದೊಂದನ್ನೂ ಅಕ್ಕ ಆರಿಸಿದಳು. ಮನೆ ಸದ್ದಿಲ್ಲದೆ ನಿಂತಿತು. ಮೇನ್ ಬೋರ್ಡಿನ ತಂತಿಗೆ ಮೀಟರ್ ಹಿಡಿದೆ. ಸೊನ್ನೆ ಇರಬೇಕಾಗಿತ್ತು. ಎರಡು ಆಂಪಿಯರ್ ತೋರಿಸಿತು.

ವೋಲ್ಟೇಜು ಇನ್ನೂರ ಮೂವತ್ತು. ಎರಡರಿಂದ ಭಾಗಿಸಿದರೆ ರೋಧ ನೂರಹದಿನೈದು ಓಮ್. ಎರಡರಿಂದ ಗುಣಿಸಿದರೆ ನಾನೂರ ಅರವತ್ತು ವ್ಯಾಟ್. ತರಗತಿಯಲ್ಲಿ ಈ ಲೆಕ್ಕ ಕೊಟ್ಟಾಗ ರೋಧವೆಂದರೆ ಹಲಗೆಯ ಮೇಲೆ ಬರೆದ ಅಂಕುಡೊಂಕು ಗೆರೆ. ಇಲ್ಲಿ ಅದು ಒದ್ದೆ ಮಣ್ಣು, ಸಗಣಿ ನೀರು, ಕಬ್ಬಿಣದ ಪೈಪು. ಅವುಗಳ ನಡುವೆ ಬಂದು ನಿಲ್ಲುವ ಯಾವ ಜೀವವಾದರೂ ಸರಿ. ಸಣ್ಣ ಇಸ್ತ್ರಿ ಪೆಟ್ಟಿಗೆಯಷ್ಟು ಶಕ್ತಿ ಹಗಲೂ ರಾತ್ರಿ ಆ ನೆಲದಲ್ಲಿ ಇಂಗುತ್ತಿತ್ತು.

ಆಗ ಕಿಟಕಿಯಾಚೆ ಅಕ್ಕನ ಗಂಡ ಕಂಡರು. ಹೊಲದಿಂದ ಆಗಷ್ಟೇ ಮರಳಿದವರಿಗೆ ನನ್ನ ಮಾತು ತಲುಪಿರಲಿಲ್ಲ. ಪಾಚಿ ಕಟ್ಟಿದ್ದಕ್ಕೇ ಎಮ್ಮೆ ಕುಡಿಯುತ್ತಿಲ್ಲವೆಂದು, ತೊಟ್ಟಿಗೆ ಇಳಿದು ತಿಕ್ಕಲು ಕೈಯಲ್ಲಿ ಪೊರಕೆ ಹಿಡಿದು ಹೊರಟಿದ್ದರು. ಚಪ್ಪಲಿ ಬಿಡುತ್ತಿದ್ದರು.

ಕೂಗಿ ಹೇಳಲು ಹೊತ್ತಿರಲಿಲ್ಲ. ಮೇನ್ ಸ್ವಿಚ್ಚನ್ನು ಕೆಳಕ್ಕೆಳೆದೆ. ಆಮೇಲೆ ಹೊರಗೆ ಓಡಿದೆ. ಅವರು ಒಂದು ಕಾಲನ್ನು ನೀರಿನಲ್ಲಿಟ್ಟು ನಿಂತಿದ್ದರು.

"ಹೊರಗ ಬರ್ರಿ ಮಾಮಾ. ನೀರಾಗ ಕರೆಂಟ್ ಐತಿ."

ಅವರು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿ, ಕಾಲು ಹೊರಗೆ ತೆಗೆದರು. ಅಲ್ಲಿಯೇ ಕಟ್ಟೆಯ ಮೇಲೆ ಕೂತು, "ಕರು ಹಂಗಾರ ಹಾವು ಕಡದು ಸತ್ತಿಲ್ಲ," ಎಂದರು.

ಸಂಜೆ ವೈರ್‌ಮನ್ ಬಂದು ಅಗೆದ. ಮೇವಿನ ಯಂತ್ರಕ್ಕೆ ನೆಲದೊಳಗೆ ಎಳೆದಿದ್ದ ತಂತಿಯ ಪೈಪು ಒಡೆದು, ಇಲಿ ಕಡಿದ ಬೆತ್ತಲೆ ತಾಮ್ರ ತೊಟ್ಟಿಯ ನಳದ ಪೈಪಿಗೆ ಒರಗಿತ್ತು. ಯಂತ್ರದ ಸ್ವಿಚ್ಚು ಆ ತಂತಿಯ ಕೊನೆಗೆ, ಕೊಟ್ಟಿಗೆಯಲ್ಲಿದ್ದುದರಿಂದ ಅದನ್ನು ಆರಿಸಿದರೂ ತಂತಿಯಲ್ಲಿ ಕರೆಂಟು ಇದ್ದೇ ಇತ್ತು. ತಂತಿಯನ್ನು ತೆಗೆಸಿ, ಹೊಸದಾಗಿ ಅರ್ತ್ ಮಾಡಿಸಿ, ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು ಕೂರಿಸಿದರು. ಎಮ್ಮೆಗಳು ಮಾತ್ರ ಆ ತೊಟ್ಟಿಯನ್ನು ನಂಬಲಿಲ್ಲ. ಅಕ್ಕ ಬಕೆಟ್ಟಿನಲ್ಲೇ ನೀರು ಹೊತ್ತಳು.

ಮರುದಿನ ಸುದ್ದಿ ಕೇಳಿ ಪಕ್ಕದ ಮನೆಯವರು, ನಮ್ಮದನ್ನೂ ಒಮ್ಮೆ ನೋಡ್ರಿ ಎಂದು ಕರೆದರು. ಅವರ ಕೊಟ್ಟಿಗೆಗೂ ಅಕ್ಕನ ಮನೆಗೆ ಎಳೆಸಿದ ವರ್ಷವೇ ಹಾಗೆಯೇ ನೆಲದೊಳಗೆ ತಂತಿ ಎಳೆಸಿದ್ದರಂತೆ. ಎಲ್ಲ ಆರಿಸಿ ಮೀಟರ್ ಹಿಡಿದೆ. ಅಲ್ಲಿಯೂ ಅದು ಸೊನ್ನೆಗೆ ಇಳಿಯಲಿಲ್ಲ.