ಅಯ್ಯನವರು ತಾವೇ ಹೊತ್ತೊಯ್ದ ಕವರು

ನಮ್ಮ ಚರ್ಚಿನ ರೆವರೆಂಡ್ ಜ್ಞಾನಮಿತ್ರ ಅಯ್ಯನವರ ಭಾನುವಾರದ ಪ್ರಸಂಗ ಎಷ್ಟು ಉದ್ದವೆಂದರೆ, ಕೂಸು ಎತ್ತಿಕೊಂಡು ಕೂತವರು ಅದರ ಮದುವೆ ಮಾತಾಡಿಕೊಂಡು ಎದ್ದಿದ್ದಾರೆ.

ಹುಟ್ಟಿದ್ದು ಹೊಳವನಹಳ್ಳಿ. ಅಪ್ಪ ಸಣ್ಣರಂಗಯ್ಯನದು ಗಾರೆ ಕೆಲಸ. ಪಾದ್ರಿಯಾದ ಮೇಲೆ ಮೂವತ್ತೆಂಟು ವರ್ಷ ಒಂದು ಚರ್ಚಿನ ಸಭೆಯಿಂದ ಇನ್ನೊಂದಕ್ಕೆ ವರ್ಗ. ಪಾವಗಡದಲ್ಲಿ ತೆಲುಗಿನಲ್ಲಿ ಪ್ರಾರ್ಥಿಸಲು ಕಲಿತರು, ಶಿರಾದಲ್ಲಿ ಉರ್ದುವಿನಲ್ಲಿ ಚೌಕಾಸಿ ಮಾಡಲು. ಅವರ ಮೊಪೆಡ್ಡು ಓಡಿದ ದೂರಕ್ಕೆ ಚಂದ್ರನಿಗೆ ಎರಡು ಸಲ ಹೋಗಿ ಬರಬಹುದಿತ್ತು, ಕೊರಟಗೆರೆ ರಸ್ತೆಗಿಂತ ಅದೇ ನುಣ್ಣಗಿರುತ್ತಿತ್ತು.

ಹೆಂಡತಿ ವನಜಮ್ಮನನ್ನು ಮಣ್ಣು ಮಾಡಿದ್ದು ನಮ್ಮ ಮಧುಗಿರಿಯಲ್ಲಿ. ನಿವೃತ್ತಿಗೆ ಇನ್ನೊಂದೇ ವರ್ಷ. ಅದನ್ನು ಆಕೆ ಮಲಗಿರುವ ಊರಲ್ಲೇ ಕಳೆಯಬೇಕೆಂಬುದೊಂದೇ ಅವರ ಆಸೆ. ಅವರನ್ನು ಇಲ್ಲೇ ಬಿಡಿ ಎಂದು ಸಭಾ ಕಮಿಟಿ ಬರೆದು ಕೇಳಿಕೊಂಡರೆ ಬಿಷಪ್ಪರು ಒಪ್ಪುತ್ತಿದ್ದರು.

"ನೀವು ಸುಮ್ನಿರಿ ಅಯ್ಯನವ್ರೆ, ನಾನ್ ಬರೀತೀನಿ," ಅಂದ ಕಾರ್ಯದರ್ಶಿ ಮುತ್ತುರಾಜ್. ಅವನಿಗೆ ದೀಕ್ಷಾಸ್ನಾನ ಕೊಟ್ಟು, ಮದುವೆ ಮಾಡಿಸಿ, ಕಮಿಟಿಗೆ ಕರೆತಂದವರು ಅಯ್ಯನವರೇ.

ಕಮಿಟಿಯ ಕಾಗದ ಬಿಷಪ್ಪರಿಗೆ ಅಯ್ಯನವರ ಕೈಯಲ್ಲೇ ಹೋಗಬೇಕು, ಅಂಟಿಸಿದ ಕವರನ್ನು ಅವರು ಬಿಡಿಸಬಾರದು. ಇದು ನಮ್ಮ ಪದ್ಧತಿ. ಮೂರು ಗಂಟೆ ಬಸ್ಸಿನಲ್ಲಿ ಅದನ್ನು ಹಸುಗೂಸಿನಂತೆ ಅವುಚಿಕೊಂಡು ಹೋದರು.

ಬಿಷಪ್ಪರು ಓದಿದರು, ಕನ್ನಡಕ ತೆಗೆದರು, ಕಾಗದವನ್ನು ಅವರ ಕಡೆ ತಳ್ಳಿದರು. ಅಯ್ಯನವರಿಗೆ ವಯಸ್ಸಾಯಿತು, ಪ್ರಸಂಗ ಮುಗಿಯುವುದಿಲ್ಲ, ಹುಡುಗರು ಕೀಬೋರ್ಡು ಕೇಳಿದರೆ ಬೇಡ ಅನ್ನುತ್ತಾರೆ, ಈ ತಿಂಗಳೇ ಬೇರೆಯವರನ್ನು ಕಳಿಸಿ ಎಂದಿತ್ತು. ಕೆಳಗೆ ಹನ್ನೊಂದು ಸಹಿ. ಮೊದಲನೆಯದು ಮುತ್ತುರಾಜನದು.

"ಇದನ್ನ ನೀವೇ ತಂದ್ರಾ?" ಎಂದರಂತೆ ಬಿಷಪ್ಪರು.

"ಹೌದು. ಮಡಚದಂಗೆ ತಂದೆ."

ವರ್ಗದ ಆದೇಶ ವಾರದೊಳಗೇ ಬಂತು. ಮಧುಗಿರಿಯ ಕೊನೆಯ ಭಾನುವಾರ ಪ್ರಭುಭೋಜನದ ರೊಟ್ಟಿಗೆ ಎಲ್ಲರಿಗಿಂತ ಮುಂದೆ ಬಂದು ಮೊಣಕಾಲೂರಿದವನು ಮುತ್ತುರಾಜನೇ. ರೊಟ್ಟಿ ಹಿಡಿದ ಅಯ್ಯನವರ ಕೈ ಗಾಳಿಯಲ್ಲೇ ನಿಂತಿತು. ಎಷ್ಟು ಹೊತ್ತು ಅಂತೀರಿ, ಅಷ್ಟರಲ್ಲಿ ಬೆಟ್ಟ ಹತ್ತಿ ಇಳಿದು ಕಾಫಿ ಕುಡಿಯಬಹುದಿತ್ತು.

"ನಾನೊಬ್ನೇ ಅಲ್ಲ ಅಯ್ಯನವ್ರೆ, ಎಲ್ರೂ ಹೇಳಿದ್ರು," ಎಂದು ಅವನು ತಲೆಯೆತ್ತದೆ ಗೊಣಗಿದ.

"ಗೊತ್ತು ಕಣಪ್ಪ. ಕೈ ನೀಡು."

ರೊಟ್ಟಿ ಇಟ್ಟು ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಅಲ್ಲಿ ಎರಡನೆಯ ಸಹಿ ಕೈ ನೀಡಿಕೊಂಡು ಕಾಯುತ್ತಿತ್ತು.