ಅಪ್ಪ ಹಾಸ್ಟೆಲ್ ನೋಡಲು ಹೋದದ್ದು

ಹುಣಸೆಹಣ್ಣು ಬಿಡಿಸುವುದಕ್ಕೆ ಕಾಲೇಜುಗಳ ಬಣ್ಣದ ಪುಸ್ತಿಕೆಗಳಷ್ಟು ಒಳ್ಳೆಯ ಕಾಗದ ಇನ್ನೊಂದಿಲ್ಲ. ದಪ್ಪ, ನುಣುಪು, ಹಣ್ಣು ಅಂಟುವುದಿಲ್ಲ, ಬೀಜ ಕುಟ್ಟಿದರೂ ಹರಿಯುವುದಿಲ್ಲ. ಈ ಬೇಸಿಗೆಯಲ್ಲಿ ಅಂಥವು ನಮ್ಮ ಮನೆಯಲ್ಲಿ ರಾಶಿ ಬಿದ್ದಿವೆ. ಮೊನ್ನೆ ಒಂದನ್ನು ನೆಲಕ್ಕೆ ಹಾಸಿ, ಹಣ್ಣು ಸುರಿದುಕೊಂಡು, ಆ ಹುಳಿವಾಸನೆಯಲ್ಲಿ ನಿಶ್ಚಿಂತೆಯಾಗಿ ಕೂತಿದ್ದೆ. ಒಳಗಿನಿಂದ ಬಂದ ಪಲ್ಲವಿ ಒಮ್ಮೆಲೇ ಚೀರಿದಳು. "ಅಯ್ಯೋ ಅತ್ತೆ, ಅದೇ ನನ್ನ ಕಾಲೇಜು!"

ಹಣ್ಣು ಸರಿಸಿ ನೋಡಿದೆ. ಹಸಿರು ಹುಲ್ಲಿನ ಮೇಲೆ ನಾಲ್ಕಾರು ಹುಡುಗಿಯರು ನಗುತ್ತಾ ಕೂತಿದ್ದರು. ಒಬ್ಬಳು ಗುಂಗುರು ಕೂದಲಿನವಳು, ಒಬ್ಬಳು ತಲೆಗೆ ಬಟ್ಟೆ ಹೊದ್ದವಳು, ಒಬ್ಬಳು ಬೆಟ್ಟದ ಸೀಮೆಯ ಸಣ್ಣ ಕಣ್ಣಿನವಳು. ಯಾರ ಕೈಯಲ್ಲೂ ಪುಸ್ತಕವಿಲ್ಲ. "ಇವರು ಓದುವುದು ಯಾವಾಗಮ್ಮ?" ಎಂದು ಕೇಳಿದೆ. ಪಲ್ಲವಿ ಪುಸ್ತಿಕೆಯನ್ನು ಮಗುವಿನ ಮುಖದಷ್ಟೇ ಜೋಪಾನವಾಗಿ ಒರೆಸಿಕೊಂಡು ಒಳಗೆ ಹೋದಳು.

ಇವಳು ನನ್ನ ತಮ್ಮನ ಮಗಳು. ಬೂದಿಕೋಟೆಯ ಪಕ್ಕದ ನಮ್ಮ ಹಳ್ಳಿಯಲ್ಲಿ ತಮ್ಮ ಹಸು ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿಕೊಂಡು ಇದ್ದಾನೆ. ಮಗಳನ್ನು ಪಿಯುಸಿ ಓದಲು ಬಂಗಾರಪೇಟೆಯ ನನ್ನ ಮನೆಯಲ್ಲಿ ಬಿಟ್ಟಿದ್ದ. ನಾನು ಮದುವೆಯಾಗಲಿಲ್ಲ, ಏಕೆ ಎಂದು ಹೇಳುವ ಪ್ರಬಂಧ ಇದಲ್ಲ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ, ಬೆಳಿಗ್ಗೆ ಒಂದು ಲೋಟ ಕಾಫಿ ಮಾಡಿಕೊಳ್ಳುತ್ತಿದ್ದೆ, ಇವಳು ಬಂದ ಮೇಲೆ ಎರಡು ಲೋಟ ಮಾಡುತ್ತಿದ್ದೇನೆ. ಈಗ ಪಿಯುಸಿ ಮುಗಿದಿದೆ. ಮುಂದಿರುವ ದಾರಿ ಎರಡು. ನನ್ನ ಮನೆಯಲ್ಲೇ ಇದ್ದು ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುವುದು, ಅರ್ಧ ಬಂಗಾರಪೇಟೆ ಮಾಡುವ ಹಾಗೆ. ಇಲ್ಲವೇ ಪುಣೆಯ ಹತ್ತಿರದ ಆ ಹುಲ್ಲುಹಾಸಿನ ಕಾಲೇಜಿಗೆ ಸೇರಿ ಅಲ್ಲೇ ಹಾಸ್ಟೆಲ್ಲಿನಲ್ಲಿ ಇರುವುದು.

ತಮ್ಮ ಫೋನಿನಲ್ಲಿ ಕೈ ಎತ್ತಿಬಿಟ್ಟಿದ್ದ. "ನಂಗೆ ಈ ಆಸ್ಟೆಲ್ಲು ಪಾಸ್ಟೆಲ್ಲು ಒಂದೂ ತಿಳಿಯಾಕಿಲ್ಲ ಅಕ್ಕ. ಓದಿರೋಳು ನೀನು. ನೀನು ಊಂ ಅಂದ್ರೆ ಊಂ, ಬ್ಯಾಡ ಅಂದ್ರೆ ಬ್ಯಾಡ. ಬಾನುವಾರ ಪೋನ್ ಮಾಡ್ತೀನಿ, ಏಳ್ಬುಡು."

ಅಂದರೆ ಹುಡುಗಿಯ ಮೂರು ವರ್ಷ ನನ್ನ ನಾಲಿಗೆಯ ತುದಿಯಲ್ಲಿ. ಇದು ಪಲ್ಲವಿಗೂ ಗೊತ್ತು. ಆ ವಾರವಿಡೀ ಹೇಳದೆಯೇ ಪಾತ್ರೆ ತೊಳೆದಳು, ಬಟ್ಟೆ ಮಡಿಸಿದಳು, ನಡುನಡುವೆ ಬಂದು ಕಾಲೇಜಿನ ಗುಣಗಾನ ಮಾಡಿದಳು. ಎಷ್ಟೋ ರಾಜ್ಯಗಳ ಹುಡುಗಿಯರು ಇದ್ದಾರಂತೆ. ಕೋಣೆಗೆ ಇಬ್ಬರಂತೆ, ಒಂದೇ ಭಾಷೆಯವರನ್ನು ಬೇಕೆಂದೇ ಒಟ್ಟಿಗೆ ಹಾಕುವುದಿಲ್ಲವಂತೆ. ಪಾಠ ಯಾರು ಮಾಡುತ್ತಾರೆ ಎಂದು ಕೇಳಿದರೆ ಮಾತ್ರ "ಅದೂ ಚೆನ್ನಾಗಿದೆಯಂತೆ" ಎಂದಳು. ವಿವಿಧತೆಯಲ್ಲಿ ಏಕತೆ ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದೂ ಎಳೆದೂ ನನ್ನ ಕೈ ಸವೆದಿದೆ. ಅದನ್ನು ನೋಡಿಕೊಂಡು ಕಾಲೇಜು ಆರಿಸುವ ಹುಡುಗಿ ಎದುರಿಗೆ ಬಂದು ನಿಂತರೆ ನನಗೆ ನಗು ಬಂತು. ಕಾಲೇಜಿಗೆ ಹೋಗುವುದು ಓದುವುದಕ್ಕೋ, ಜೊತೆಗಾರರನ್ನು ಆರಿಸಿಕೊಳ್ಳುವುದಕ್ಕೋ?

ಹೀಗೆ ನಗುವ ಯೋಗ್ಯತೆ ನನಗೆ ಇದೆಯೇ, ನೀವೇ ಹೇಳಬೇಕು. ನನ್ನ ಕಾಲದಲ್ಲಿ ನಮ್ಮಪ್ಪ ಕಾಲೇಜನ್ನು ನೋಡಲೇ ಇಲ್ಲ. ಅದರ ಗೇಟು ಯಾವ ದಿಕ್ಕಿಗಿದೆ ಎಂದೂ ಕೇಳಲಿಲ್ಲ. ಮಗಳು ಎಲ್ಲಿ ಇರುತ್ತಾಳೆ, ಯಾರ ಜೊತೆ ಇರುತ್ತಾಳೆ, ಇಷ್ಟೇ ಅವನ ಪ್ರಶ್ನೆ. ಹಸು ಕೊಳ್ಳಲು ಹೋದಾಗಲೂ ಅವನು ಹಸುವಿಗಿಂತ ಮೊದಲು ಕೊಟ್ಟಿಗೆ ನೋಡುತ್ತಿದ್ದ. ಇರಲು ತಕ್ಕ ಜಾಗ ಸಿಗದಿದ್ದರೆ ನನ್ನ ಓದು ಪಿಯುಸಿಗೇ ಮುಗಿಯುತ್ತಿತ್ತು. ಅಮ್ಮ ಆಗಲೇ ಗಂಡು ಹುಡುಕಲು ನೆಂಟರಿಗೆಲ್ಲ ಹೇಳಿಟ್ಟಿದ್ದಳು.

ಮೊದಲು ಹೋದದ್ದು ಕೋಲಾರಕ್ಕೆ. ಅಲ್ಲಿ ನಮ್ಮ ಜನಾಂಗದವರೇ ಹೆಣ್ಣುಮಕ್ಕಳಿಗೆಂದು ನಡೆಸುತ್ತಿದ್ದ ಹಾಸ್ಟೆಲ್ ಇತ್ತು. ನಮ್ಮವರ ಹಾಸ್ಟೆಲ್ಲು ಎಂದರೆ ಅಪ್ಪನ ಲೆಕ್ಕದಲ್ಲಿ ನೆಂಟರ ಮನೆ. ನೆಂಟರ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ? ಇಸ್ತ್ರಿ ಮಾಡಿದ ಪಂಚೆ ಉಟ್ಟ, ಹೆಗಲಿಗೆ ಶಲ್ಯ ಹಾಕಿದ. ಬಾಳೆಹಣ್ಣು, ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ ಎಲ್ಲವನ್ನೂ ಹೊಸ ಬುಟ್ಟಿಯಲ್ಲಿ ಜೋಡಿಸಿದ. ನನಗೆ ಅಮ್ಮ ತನ್ನ ರೇಷ್ಮೆ ಸೀರೆ ಉಡಿಸಿ, ತಲೆತುಂಬ ಕನಕಾಂಬರ ಮುಡಿಸಿದಳು. ಈ ವೈಭವದಲ್ಲಿ ನಾವಿಬ್ಬರೂ ಹಾಸ್ಟೆಲ್ಲಿನ ಮೆಟ್ಟಿಲು ಹತ್ತಿದೆವು.

ಒಳಗೆ ಕಮಿಟಿಯ ಹಿರಿಯರು ಏನೋ ಮೀಟಿಂಗಿಗೆ ಸೇರಿದ್ದರು. ಬುಟ್ಟಿ ನೋಡಿದರು, ಅಪ್ಪನ ಶಲ್ಯ ನೋಡಿದರು, ನನ್ನ ಕನಕಾಂಬರ ನೋಡಿದರು. ಎಲ್ಲರ ಮುಖವೂ ಅರಳಿತು. ಬನ್ನಿ ಬನ್ನಿ ಎಂದು ಕುರ್ಚಿ ಎಳೆದು ಹಾಕಿದರು. ಯಾವ ಊರು, ಮನೆದೇವರು ಯಾವುದು, ಜಮೀನು ನೀರಾವರಿಯೋ ಖುಷ್ಕಿಯೋ, ಅಣ್ಣತಮ್ಮಂದಿರು ಬೇರೆಯಾಗಿದ್ದಾರೋ ಒಟ್ಟಿಗಿದ್ದಾರೋ ಎಂದು ಕೇಳುತ್ತಾ ಹೋದರು. ಹಾಸ್ಟೆಲ್ಲಿಗೆ ಸೇರಿಸಬೇಕಾದರೆ ಇಷ್ಟೆಲ್ಲ ಹೇಳಬೇಕೇನೋ ಎಂದುಕೊಂಡು ಅಪ್ಪ ಒಂದೊಂದಕ್ಕೂ ಕೈಮುಗಿದು ಉತ್ತರ ಕೊಟ್ಟ. ಕಾರ್ಯದರ್ಶಿಗಳು ನನ್ನ ಕಡೆ ತಿರುಗಿ, "ಏನಮ್ಮ, ಒಳಗೆ ಅಡುಗೆಮನೆ ಇದೆ, ಎಲ್ಲರಿಗೂ ಕಾಫಿ ತಂದುಕೊಡ್ತೀಯಾ?" ಎಂದರು. ಇದು ಪ್ರವೇಶ ಪರೀಕ್ಷೆ ಇರಬೇಕೆಂದು ನನಗೆ ಖಾತ್ರಿಯಾಯಿತು. ಒಂದು ತೊಟ್ಟೂ ತಟ್ಟೆಗೆ ಚೆಲ್ಲದಂತೆ, ತಲೆ ತಗ್ಗಿಸಿಕೊಂಡು, ಎಲ್ಲರ ಮುಂದೆಯೂ ಹಿಡಿದೆ. ಆಹಾ, ಎಷ್ಟು ಚೆನ್ನಾಗಿ ಪಾಸಾದೆ ಅಂತೀರಿ!

"ಲಕ್ಷಣವಾಗಿದಾಳೆ," ಎಂದು ಒಬ್ಬರು ಹೇಳಿದರು. "ಜಾತಕ ತಂದಿದೀರಾ?"

ಅಪ್ಪ ಜೇಬು ಮುಟ್ಟಿ ನೋಡಿಕೊಂಡ. "ಮಾರ್ಕ್ಸ್ ಕಾರ್ಡ್ ತಂದಿವ್ನಿ ಸ್ವಾಮಿ. ಜಾತ್ಕಾನೂ ಬೇಕಾ ಆಸ್ಟೆಲ್ಗೆ?"

ಆಮೇಲೆ ಆ ಕೋಣೆಯಲ್ಲಿ ಎದ್ದ ನಗು ಬೀದಿಗೆ ಕೇಳಿಸಿರಬೇಕು. ಅಪ್ಪನೂ ನಕ್ಕ. ನಾನು ಖಾಲಿ ತಟ್ಟೆ ಹಿಡಿದುಕೊಂಡು, ನಗಬೇಕೋ ಅಳಬೇಕೋ ತಿಳಿಯದೆ, ಗೋಡೆಯ ಕ್ಯಾಲೆಂಡರ್ ಓದಿದೆ. ನಗು ನಿಂತ ಮೇಲೆ ಕಾರ್ಯದರ್ಶಿಗಳು ಕಾಫಿ ಲೋಟ ಕೆಳಗಿಟ್ಟು ಗಂಭೀರವಾಗಿ ಹೇಳಿದರು. "ಸಂಬಂಧ ಕೇಳೋಕೆ ಬಂದಿದ್ದೀರಿ ಅಂದ್ಕೊಂಡಿದ್ವಿ. ಆಗಲಿ, ಬಂದಿದ್ದಂತೂ ಬಂದಿದ್ದೀರಿ. ನನ್ನ ತಂಗಿ ಮಗ ಮಾಲೂರಿನಲ್ಲಿ ಕೆಲಸದಲ್ಲಿದಾನೆ, ಒಳ್ಳೇ ಹುಡುಗ. ಇವಳಿಗೆ ಇಲ್ಲಿ ಜಾಗ ಖಂಡಿತ ಕೊಡ್ತೀವಿ. ನಮ್ಮ ಕಣ್ಣೆದುರಿಗೇ ಇರ್ತಾಳೆ. ಒಂದು ವರ್ಷ ಓದಲಿ, ಆಮೇಲೆ ಶುಭಕಾರ್ಯದ ಮಾತು ಆಡೋಣ."

ಹಾಸ್ಟೆಲ್ಲಿಗೆ ಹಾಸ್ಟೆಲ್ಲೂ ಆಯಿತು, ಗಂಡಿಗೆ ಗಂಡೂ ಆಯಿತು. ಅಪ್ಪನ ಮುಖ ನೋಡಬೇಕಿತ್ತು ನೀವು. ಬುಟ್ಟಿಯನ್ನು ಅಲ್ಲೇ ಬಿಟ್ಟು, ಯೋಚಿಸಿ ಹೇಳುತ್ತೇನೆ ಎಂದು ಎದ್ದ. ಬಂಗಾರಪೇಟೆಯವರೆಗೂ ಬಸ್ಸಿನ ಕಿಟಕಿಯಾಚೆ ನೋಡುತ್ತಾ ಕೂತ. ಹಾಸ್ಟೆಲ್ಲಿನ ಹುಡುಗಿಯರು ಒಳ್ಳೆಯವರೇ. ಅಡುಗೆಮನೆಗೆ ಹೋಗಿದ್ದ ಅಷ್ಟು ಹೊತ್ತಿನಲ್ಲೇ ಇಬ್ಬರು ನನಗೆ ಅತ್ತೆ ಸಂಬಂಧ, ಚಿಕ್ಕಮ್ಮನ ಸಂಬಂಧ ಹುಡುಕಿ ಕೊಟ್ಟಿದ್ದರು. ಆದರೆ ಅಲ್ಲಿಗೆ ಹೋದರೆ ನಾನು ಬೂದಿಕೋಟೆ ಬಿಟ್ಟು ಬೂದಿಕೋಟೆಗೇ ಹೋದಂತೆ. ಓದು ಒಂದು ವರ್ಷಕ್ಕೇ ಮುಗಿಯುವುದೂ ಖಂಡಿತ.

ಬಂಗಾರಪೇಟೆ ಬಸ್ ನಿಲ್ದಾಣದಲ್ಲಿ ನಮ್ಮ ಬೂದಿಕೋಟೆ ಬಸ್ಸು ಹೊರಡಲು ನಿಂತಿತ್ತು. ಅಪ್ಪ ಅದನ್ನು ಹತ್ತಲಿಲ್ಲ. ಅದನ್ನೇ ಸ್ವಲ್ಪ ಹೊತ್ತು ನೋಡಿದ. "ನಿಮ್ಮ ಲೆಕ್ಚರರಮ್ಮ ಕೆಜಿಎಫ್‌ನಾಗೆ ಯಾವ್ದೋ ಮನೆ ಐತೆ ಅಂದಿದ್ರಲ್ಲ, ಎಲ್ಲೈತವ್ವ ಅದು?"

"ಕೋರಮಂಡಲ್‌ನಲ್ಲಿ, ಗಣಿ ಹತ್ತಿರ."

"ಬಾ, ಓಗಾನ."

ಕೆಜಿಎಫ್‌ನ ಕಾಲೇಜಿಗೆ ಹಾಸ್ಟೆಲ್ ಇರಲಿಲ್ಲ. ಹೊರ ಊರಿನ ಹುಡುಗಿಯರನ್ನು ರೋಸ್ಲಿನ್ ಅಕ್ಕ ಎಂಬ ಹೆಂಗಸು ತನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಗಂಡ ತೀರಿಹೋಗಿದ್ದ. ಗಣಿಯ ಆಸ್ಪತ್ರೆಯಲ್ಲಿ ಆಯಾ ಕೆಲಸ ಇದ್ದುದರಿಂದ ಕಂಪನಿಯ ಲೈನ್ ಮನೆ ಅವಳ ಹೆಸರಿನಲ್ಲಿತ್ತು. ಒಂದಕ್ಕೊಂದು ಬೆನ್ನು ಹಚ್ಚಿ ಸಾಲಾಗಿ ಕಟ್ಟಿದ ತಗಡಿನ ಸೂರಿನ ಮನೆಗಳು. ಗಾಳಿ ಬೀಸಿದರೆ, ಚಿನ್ನ ತೆಗೆದು ಬಿಸಾಡಿದ ಮಣ್ಣಿನ ಸೈನೈಡ್ ದಿಬ್ಬದ ಬಿಳಿ ದೂಳು ಒಗೆದು ಹಾಕಿದ ಬಟ್ಟೆಯ ಮೇಲೆಲ್ಲ ಕೂರುತ್ತಿತ್ತು. ಅಪ್ಪ ಒಳಗೆ ಕಾಲಿಡಲಿಲ್ಲ. ಬಾಗಿಲ ಮೇಲಿದ್ದ ಶಿಲುಬೆ ನೋಡಿ, ಜಗಲಿಯಲ್ಲೇ ಕೂತು, ಹಿತವಾಗಿ ಕೇಳಿದ.

"ತಮ್ದು ಯಾವ್ ಕಡೆ ಆಯ್ತದಮ್ಮ?"

ಎಂಥ ಪ್ರಶ್ನೆ ಎಂದು ಅಕ್ಕನಿಗೆ ತಿಳಿಯದೆ ಇರುತ್ತದೆಯೇ? "ನಮ್ದು ಲೈನ್ ಕಡೆ ಸಾಮಿ," ಎಂದಳು ತನ್ನ ತಮಿಳು ಬೆರೆತ ಕನ್ನಡದಲ್ಲಿ. "ಇಂಗೆ ಎಲ್ಲಾರೂ ಲೈನ್ ಕಡೇನೇ."

ಅಪ್ಪ ಎದ್ದು ಹುಡುಗಿಯರ ಕೋಣೆಯ ಬಾಗಿಲ ಚಿಲಕವನ್ನು ಹೊರಗಿನಿಂದಲೇ ಬಾಗಿ ಎಳೆದು ನೋಡಿದ. ನೀರು ಎಲ್ಲಿಂದ ತರುತ್ತೀರಿ ಎಂದು ಕೇಳಿದ. ಒಳಗಿದ್ದವರಲ್ಲಿ ಒಬ್ಬಳು ಕುಪ್ಪಂ ಕಡೆಯ ತೆಲುಗಿನ ಹುಡುಗಿ, ಇನ್ನೊಬ್ಬಳು ಮುಳಬಾಗಿಲಿನ ಸಾಬರ ಹುಡುಗಿ. ಇಬ್ಬರೂ ಒಂದೇ ಮಂಚದ ಮೇಲೆ ಕೂತು ಒಂದೇ ಪುಸ್ತಕ ಓದುತ್ತಿದ್ದರು. ಕೊನೆಗೆ ಅಪ್ಪ ಊಟದ ವಿಷಯಕ್ಕೆ ಬಂದ. ನಾವು ಇನ್ನೊಬ್ಬರ ಒಲೆಯಲ್ಲಿ ಬೆಂದದ್ದನ್ನು ತಿನ್ನುವವರಲ್ಲ ಎಂದು ಹೇಳಲಾರದೆ ತಡವರಿಸುತ್ತಿದ್ದ. ಅಕ್ಕನೇ ಅವನ ಕಷ್ಟ ತಪ್ಪಿಸಿದಳು.

"ನಿಮ್ ಪಾಪ ಅವಳ ಸ್ಟೌ ತರಲಿ, ಅವಳ ರಾಗಿಹಿಟ್ಟು ತರಲಿ. ಅವಳ ಅಡಿಗೆ ಅವಳೇ ಮಾಡ್ಕೊಳ್ಳಲಿ. ನಾನು ಅವಳ ಪಾತ್ರೆ ತೊಡೋದಿಲ್ಲ ಸಾಮಿ, ಮುಟ್ಟೋದೇ ಇಲ್ಲ. ಆದ್ರೆ ಜ್ವರ ಬಂದು ಮಲಗಿದ್ರೆ ಗಂಜಿ ಕಾಸಿ ಕೊಡೋದು ನಾನೇ. ಅದಕ್ಕೆ ಬೇಡ ಅನ್ನೋದಾದ್ರೆ ಈಗಲೇ ಕರ್ಕೊಂಡು ಹೋಗಿಬಿಡಿ."

ಅಪ್ಪ ಬಹಳ ಹೊತ್ತು ಶಲ್ಯದ ಅಂಚನ್ನು ಹಿಂಡುತ್ತಾ ಕೂತ. ಅವನ ತಲೆಯಲ್ಲಿ ಅಜ್ಜ, ಮುತ್ತಜ್ಜ, ಊರಿನ ಯಜಮಾನರು ಎಲ್ಲರೂ ಪಂಚಾಯಿತಿ ಸೇರಿದ್ದರು ಎಂದು ಕಾಣುತ್ತದೆ. ಕೊನೆಗೆ "ಆಗ್ಲಮ್ಮ" ಎಂದ.

ಮೂರು ವರ್ಷ ನಾನು ಆ ಜಗಲಿಯಲ್ಲಿ ಕಲಿತಷ್ಟು ಕಾಲೇಜಿನಲ್ಲಿ ಕಲಿಯಲಿಲ್ಲ. ಘನವಾದದ್ದೇನೂ ಅಲ್ಲ. ನಲ್ಲಿಯ ಸರದಿಗೆ ತಮಿಳಿನಲ್ಲಿ ಜಗಳವಾಡಿದರೆ ಬೇಗ ನೀರು ಸಿಗುತ್ತದೆ ಎಂದು ಕಲಿತೆ. ತೆಲುಗಿನಲ್ಲಿ ಚಾಡಿ ಹೇಳಲು, ಉರ್ದುವಿನಲ್ಲಿ ಕ್ಷಮೆ ಕೇಳಲು ಕಲಿತೆ. ನನ್ನ ಸ್ಟೌವಿನ ಬತ್ತಿ ಒಂದು ತಿಂಗಳಿಗೇ ಸುಟ್ಟುಹೋಯಿತು. ಹೊಸದು ಹಾಕಿಸುವ ಮಾತನ್ನು ನಾನೂ ಎತ್ತಲಿಲ್ಲ, ಅಕ್ಕನೂ ಎತ್ತಲಿಲ್ಲ. ಅಪ್ಪ ಪ್ರತಿ ಭಾನುವಾರ ಕ್ಯಾನಿನಲ್ಲಿ ಹಾಲು ತಂದು ಜಗಲಿಯಲ್ಲಿ ಕೂತು ಹೋಗುತ್ತಿದ್ದ. ಎರಡನೆಯ ವರ್ಷ ಒಂದು ಭಾನುವಾರ ಕಾಲೇಜಿನಿಂದ ನಾಟಕದ ತಾಲೀಮು ಮುಗಿಸಿ ಬಂದಾಗ ಅವನು ಒಳಗೆ ಅಡುಗೆಮನೆಯ ಬಾಗಿಲಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಅಕ್ಕನ ಕಾಫಿ ಕುಡಿಯುತ್ತಿದ್ದ. ಸಕ್ಕರೆ ಜಾಸ್ತಿಯಾಯಿತು ಎಂದು ದೂರುತ್ತಲೂ ಇದ್ದ. ನಾನು ಏನೂ ಕಾಣದವಳಂತೆ ಮುಖ ತೊಳೆಯಲು ಹೋದೆ.

ಕೆಲಸ ಸಿಕ್ಕಿದ ವರ್ಷ ಅವನನ್ನು ಕೇಳಿದೆ. ಆವತ್ತು ಬೂದಿಕೋಟೆ ಬಸ್ಸು ಎದುರಿಗೇ ನಿಂತಿತ್ತಲ್ಲ, ಯಾಕಪ್ಪ ಹತ್ತಲಿಲ್ಲ? ಕೋಲಾರದವರ ಮಾತು ನಿನಗೆ ಹಿಡಿಸಲಿಲ್ಲವೇ?

"ಇಡಿಸ್ದೆ ಏನು? ಬಲು ಇಡಿಸ್ತು," ಎಂದ ಅಪ್ಪ, ಹಸುವಿನ ಮೈ ಉಜ್ಜುತ್ತಾ. "ಆ ಗಂಡಿಗೆ ನಿನ್ನ ಕೊಟ್ಟು, ಬಾರ ಇಳಿಸ್ಕಂಡು ನಿಸೂರಾಗಾನ ಅಂತ ನಂಗೇ ಆಸೆ ಅತ್ಕೊಂಡ್ಬುಡ್ತು ಕಣವ್ವ. ಬಸ್‌ನಾಗೆ ಕುಂತು ಯೋಚ್ನೆ ಮಾಡ್ದೆ. ಓದ್ಬೇಕಾದೋಳು ನೀನು, ನಿಸೂರಾಗಾದು ನಾನು. ಇದ್ಯಾಕೋ ಸರಿ ಬರ್ಲಿಲ್ಲ."

ಇಷ್ಟು ಹೇಳಿ ಹಸುವಿನ ಇನ್ನೊಂದು ಪಕ್ಕಕ್ಕೆ ಹೋದ. ನನಗೆ ಆಗ ಈ ಮಾತಿನ ಒಂದು ಅಂಚು ಮಾತ್ರ ತಿಳಿದಿತ್ತು. ಅಪ್ಪ ಎಷ್ಟು ಒಳ್ಳೆಯವನು ಎಂದು ಹೆಮ್ಮೆಪಟ್ಟುಕೊಂಡು, ಹಾಲು ಹಿಡಿದುಕೊಂಡು ಬಂದೆ.

ಭಾನುವಾರ ತಮ್ಮ ಫೋನು ಮಾಡಿದ. ಪಲ್ಲವಿ ಎದುರಿಗೆ ಕೂತು ಉಗುರು ಕಡಿಯುತ್ತಿದ್ದಳು. ಬೇಡ ಎನ್ನುವುದಕ್ಕೆ ನಾನು ವಾರವಿಡೀ ಕಾರಣಗಳನ್ನು ಕೂಡಿಟ್ಟಿದ್ದೆ, ಒಂದಕ್ಕಿಂತ ಒಂದು ಘನವಾದವು. ಬಹಳ ದೂರ. ಊಟ ಒಗ್ಗುವುದಿಲ್ಲ. ಭಾಷೆ ಬರುವುದಿಲ್ಲ. ಕಾಯಿಲೆ ಬಿದ್ದರೆ ನೋಡುವವರು ಯಾರು? ನಾಲಿಗೆಯ ತುದಿಗೆ ಬಂದ ಇವನ್ನೆಲ್ಲ ಒಂದೊಂದಾಗಿ ನೋಡಿದರೆ, ಎಲ್ಲದರ ಹಿಂದೆಯೂ ಇದ್ದವಳು ನಾನೇ. ಇವಳು ರೈಲಿನಲ್ಲಿ ಹೋಗಿ ಬರುತ್ತಿದ್ದರೆ ಸಂಜೆ ಬಾಗಿಲು ತಟ್ಟುವವಳೊಬ್ಬಳು ಇರುತ್ತಾಳೆ. ನನಗೆ ಬೇಕಾಗಿದ್ದುದು ಅದು. ಹುಡುಗಿಯ ಓದಿಗೂ ಅದಕ್ಕೂ ಏನೇನೂ ಸಂಬಂಧವಿರಲಿಲ್ಲ.

"ಏನಕ್ಕ, ಸುಮ್ಕಾಗ್ಬುಟ್ಟೆ?" ಎಂದ ತಮ್ಮ.

"ಕಳಿಸೋ," ಎಂದೆ. "ಪುಣೆಗೇ ಕಳಿಸು."

ಪಲ್ಲವಿ ಎದ್ದು ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ಫೋನು ಕೈಯಿಂದ ಜಾರುವಂತಾಯಿತು. ಆ ಕಡೆಯಿಂದ ತಮ್ಮ ಇನ್ನೂ ಕೇಳುತ್ತಿದ್ದ. "ಅದು ಸರಿ, ಮನೇಲಿ ನೀನೊಬ್ಳೇ ಆಗೋಯ್ತೀಯಲ್ಲಕ್ಕ. ಬ್ಯಾಸರ ಆಗಾಕಿಲ್ವಾ?"

"ಆಗುತ್ತೆ ಕಣೋ, ತುಂಬಾ ಆಗುತ್ತೆ," ಎಂದೆ. ಹಾಗೆ ಹೇಳಿಬಿಟ್ಟೆನಲ್ಲ ಎಂದು ನನಗೇ ಆಶ್ಚರ್ಯವಾಯಿತು. ಕುತ್ತಿಗೆಯ ಮೇಲಿದ್ದ ಕೈಗಳು ಸಡಿಲವಾದವು. ಅವು ಪೂರ್ತಿ ಬಿಟ್ಟುಹೋಗುವ ಮೊದಲು ಅವನ್ನು ಹಿಡಿದುಕೊಂಡು, ತಮ್ಮನಿಗೆ ಹೇಳಿದೆ. "ಅದು ನನ್ನ ಪಾಡು. ನೀನು ರೈಲಿಗೆ ಟಿಕೆಟ್ ನೋಡು."