ಮಲ್ಲಾಬಾಯಿಯ ಎರಡನೇ ಮೊಸಳೆ

ಬೆಳಕು ಹರಿದಿದೆಯೋ ಇಲ್ಲವೋ ಹೇಳುವುದು ಕಷ್ಟ; ಮಳೆ ಅಷ್ಟು ದಟ್ಟವಾಗಿದೆ. ನಾರಾಯಣಪುರದ ಆಚೆ, ಕೃಷ್ಣೆಯ ದಂಡೆಗಿರುವ ಪುಟ್ಟ ಮೃಗಾಲಯದಲ್ಲಿ ಮಲ್ಲಾಬಾಯಿ ಗೋಣಿಚೀಲದ ಕೊಪ್ಪಿ ಹೊದ್ದು ಮೊಸಳೆ ಕೊಳದ ಬೇಲಿಗೆ ಬಂದು ನಿಲ್ಲುತ್ತಾರೆ. ಕಟ್ಟಿಗೆಯಿಂದ ಬಕೀಟು ಬಡಿಯುತ್ತಾರೆ. ಊಟದ ಕರೆ ಅದು. ನೀರಿನಿಂದ ಒಂದು ಬಾಯಿ ಮೇಲೇಳುತ್ತದೆ. ಅದರ ಪಕ್ಕಕ್ಕೆ ಇನ್ನೊಂದು ಬಾಯಿಯೂ ಮೇಲೇಳುತ್ತದೆ.

ಈ ಕೊಳದಲ್ಲಿ ಇರಬೇಕಾದದ್ದು ಒಂದೇ ಮೊಸಳೆ.

"ಮೊದ್ಲ ನನ್ನ ಕಣ್ಣಿನ ಮ್ಯಾಲೇ ಗುಮಾನಿ ಬಂತ್ರಿ" ಎನ್ನುತ್ತಾರೆ. "ಮಾರಿ ಒರಿಸ್ಕೊಂಡು ಮತ್ತ ನೋಡಿದ್ರ, ಎರಡ ಅದಾವ."

ಕಕ್ಕೇರಾದ ಮಲ್ಲಾಬಾಯಿಗೆ ಐವತ್ತರ ಆಸುಪಾಸು. ಗಂಡ ಇಲ್ಲಿ ಕಾವಲಿಗಿದ್ದರು. ಅವರು ತೀರಿದ ಮೇಲೆ ಇವರ ಕೈಗೆ ಪೊರಕೆ ಬಂತು, ಪೊರಕೆಯ ಹಿಂದೆ ಬಕೀಟು. ಕೆಲಸ ಮಾತ್ರ ಇಂದಿಗೂ ಕಾಯಂ ಆಗಿಲ್ಲ. ಜಿಂಕೆಗೆ ಹುಲ್ಲು, ನವಿಲಿಗೆ ಜೋಳ, ವಾರಕ್ಕೆರಡು ಸಲ ಮೊಸಳೆಗೆ ನಾಲ್ಕು ಕೆಜಿ ಮೀನು. ಮೀನುಗಾರರ ಬಲೆಗೆ ಬಿದ್ದು ಇಲ್ಲಿಗೆ ಬಂದಾಗ ಮೊಸಳೆ ಗೋಡೆಯ ಹಲ್ಲಿಗಿಂತ ತುಸು ದೊಡ್ಡದಿತ್ತಂತೆ. ಈಗ ಅದರ ಹೆಸರು ಸಾವ್ಕಾರ. "ದುಡಿಯಂಗಿಲ್ಲ, ಬಿಸಲಿಗಿ ಬಿದ್ದಿರ್ತದ, ಕುಂತಲ್ಲೇ ಉಣ್ತದ. ಮತ್ತೇನಂತ ಕರೀಲ್ರಿ?"

ರಾತ್ರಿಯ ಮಳೆಗೆ ಹೊಳೆಯ ಕಡೆಯ ಬೇಲಿ ಕುಸಿದಿದೆ. ಹೊಸ ಮೊಸಳೆ ಬಂದ ದಾರಿ ಅದೇ. ಅಲ್ಲಿಗೆ ತಗಡು ಅಡ್ಡ ಇಟ್ಟು, ಮೊಸಳೆ ಹಿಡಿಯುವ ಈಶಪ್ಪನನ್ನು ಕರೆಸಿದ್ದಾರೆ. ಆತ ಪಂಜರ, ಹಗ್ಗದೊಂದಿಗೆ ಟೆಂಪೋದಿಂದ ಇಳಿಯುತ್ತಾನೆ. ಬೆಳೆದ ಎರಡು ಗಂಡು ಒಂದೇ ಕೊಳದಲ್ಲಿದ್ದರೆ ಕಚ್ಚಾಡಿ ಒಂದು ಸಾಯುವುದು ಖಂಡಿತ; ಹೊರಗಿನದನ್ನು ಇವತ್ತೇ ಹೊಳೆಗೆ ಮುಟ್ಟಿಸಬೇಕು.

"ಯಕ್ಕಾ, ಬರೇ ಬೊಟ್ಟು ಮಾಡಿ ತೋರ್ಸು. ಯಾವ್ದು ನಿಂದು?"

"ಗೊತ್ತಾಗವಲ್ದೋ ತಮ್ಮಾ."

"ಇಷ್ಟ ವರ್ಷ ಉಣಿಸಿ ಗೊತ್ತಾಗವಲ್ದ?"

"ಉಣಿಸೂ ಹೊತ್ತಿನ್ಯಾಗ ಬಾಯಿ ಅಷ್ಟೇ ನೋಡ್ತೇನಿ. ಮಾರಿ ಯಾರ ನೋಡ್ಯಾರ?"

ಇಂಥ ಮಳೆಯಲ್ಲೂ ಟಿಕೀಟು ಕೊಂಡು ಒಳಬಂದವರಿದ್ದಾರೆ. ಸುರಪುರದ ರಾಬಿಯಾ ಮನೆಮಂದಿಯೊಡನೆ ಒಂದೇ ಕೊಡೆಯ ಕೆಳಗೆ ನಿಂತಿದ್ದಾರೆ. ನವಿಲು ಗೂಡು ಬಿಟ್ಟು ಹೊರಬರುತ್ತಿಲ್ಲ, ಜಿಂಕೆಗಳು ಬೆನ್ನು ತೋರಿಸಿ ನಿಂತಿವೆ. ಕಾಣುವುದು ಮೊಸಳೆ ಮಾತ್ರ.

"ಬೋರ್ಡಿನ್ಯಾಗ ಒಂದ ಅಂತ ಬರದಾರಲ್ಲ ಯಕ್ಕಾ?"

"ಒಂದರ ರೊಕ್ಕಾ ಕೊಟ್ಟು ಎರಡು ನೋಡಾಕತ್ತಿ. ಸುಮ್ಮನ ನೋಡು ತಂಗಿ."

ರಾಬಿಯಾ ನೋಡುತ್ತಾರೆ. "ಆ ದಪ್ಪಂದು ನಿಮ್ದಿರಬೇಕು. ಕುಂತು ಉಂಡ ಹೊಟ್ಟಿ ಅದು."

ಎಲ್ಲರಿಗೂ ಹೌದೆನಿಸುತ್ತದೆ. ಅಷ್ಟರಲ್ಲಿ ಎರಡೂ ಮಗ್ಗುಲು ಬದಲಿಸುತ್ತವೆ. ಈಗ ಇನ್ನೊಂದು ದಪ್ಪ ಕಾಣುತ್ತದೆ.

ಈಶಪ್ಪ ಬೇಸತ್ತು, ಹತ್ತಿರದ್ದಕ್ಕೇ ಹಗ್ಗ ಹಾಕುತ್ತೇನೆಂದು ಮುಂದಾಗುತ್ತಾನೆ. ಮಲ್ಲಾಬಾಯಿ ಹಗ್ಗ ಹಿಡಿದುಕೊಳ್ಳುತ್ತಾರೆ.

"ತಪ್ಪಿ ನಂದನ್ನ ಒಯ್ದಿ ಅಂದ್ರ, ಅದು ಹೊಳಿಯಾಗ ಕುಂತು ಯಾರರ ತಂದು ಹಾಕ್ತಾರಂತ ದಾರಿ ನೋಡ್ತದ. ಬ್ಯಾಟಿ ಆಡಾಕ ಬರಂಗಿಲ್ಲ ಅದಕ್ಕ. ಉಪಾಸ ಸಾಯ್ತದೋ."

"ಮತ್ತ ಏನು ಮಾಡೂಣು?"

"ಆ ತಗಡು ತಗಿ. ಬಂದದ್ದಕ್ಕ ಬಂದ ದಾರಿ ಗೊತ್ತದ."

"ಎರಡೂ ಹೋದ್ರ?"

ಮಲ್ಲಾಬಾಯಿ ಆಗಲೇ ಗೇಟಿನ ಕಡೆ ತಿರುಗಿದ್ದಾರೆ. ನೋಡಲು ಬಂದವರನ್ನೆಲ್ಲ ಟಿಕೀಟು ಕೋಣೆಯ ಪಡಸಾಲೆಗೆ ಕಳಿಸಿ ಗೇಟು ಹಾಕಿಸುತ್ತಾರೆ. ತಗಡು ತೆಗೆಯುತ್ತಾರೆ. ಎಲ್ಲರೂ ಪಡಸಾಲೆಯಿಂದ ಕೊಳವನ್ನು ನೋಡುತ್ತಾ ಕೂರುತ್ತಾರೆ. ಮೊಸಳೆಗಳು ಮಳೆಯನ್ನು ನೋಡುತ್ತಾ ಮಲಗಿವೆ.

ಮಧ್ಯಾಹ್ನ ಇಳಿದ ಮೇಲೆ ಒಂದು ಏಳುತ್ತದೆ. ಅವಸರವಿಲ್ಲದೆ ಬೇಲಿ ದಾಟಿ, ಕೆಸರಿನಲ್ಲಿ ಹೊಟ್ಟೆ ಎಳೆಯುತ್ತಾ ಹೊಳೆಗೆ ಇಳಿದುಹೋಗುತ್ತದೆ. ಇನ್ನೊಂದು ತಲೆ ಎತ್ತಿಯೂ ನೋಡುವುದಿಲ್ಲ.

ಈಶಪ್ಪ ಮತ್ತೆ ತಗಡು ಮುಚ್ಚಿ ಬರುತ್ತಾನೆ. ಆದರೂ ಅವನಿಗೆ ಸಮಾಧಾನವಿಲ್ಲ. "ಯಕ್ಕಾ, ಹೋಗಿದ್ದು ಸಾವ್ಕಾರ ಇದ್ರ?"

ಮಲ್ಲಾಬಾಯಿ ಕೊಪ್ಪಿ ಹಿಂಡುತ್ತಾರೆ.

"ಹಂಗಿದ್ರ, ಅದಕ್ಕ ಹೋಗೂ ಮನಸ್ಸಿತ್ತು ಅಂತ ಆತು. ನಾ ಹೆಂಗ ಹಿಡೀಲಿ? ಉಳಿದದ್ದು ನಂದು."